ಗೌಡಕಿ ಹೋಯಿತು, ಪಾಟೀಲ ಉಳಿಯಿತು

ವಿಜಯಪುರ ಜಿಲ್ಲೆಯ ನಾಲ್ಕು ಹಳೆಯ ತಾಲೂಕು ಕೇಂದ್ರಗಳಿಂದ 2023ರಲ್ಲಿ ವಿಧಾನಸಭೆಗೆ ಆರಿಸಿ ಬಂದವರ ಹೆಸರುಗಳನ್ನು ಒಮ್ಮೆ ಸಾಲಾಗಿ ಓದಿ ನೋಡಬೇಕು. ಇಂಡಿಯಿಂದ ಯಶವಂತರಾಯಗೌಡ ಪಾಟೀಲ, ಬಸವನ ಬಾಗೇವಾಡಿಯಿಂದ ಶಿವಾನಂದ ಪಾಟೀಲ, ಮುದ್ದೇಬಿಹಾಳದಿಂದ ಸಿ.ಎಸ್. ನಾಡಗೌಡ, ಸಿಂದಗಿಯಿಂದ ಅಶೋಕ ಮನಗೂಳಿ. ಮುದ್ದೇಬಿಹಾಳದಲ್ಲಿ ನಾಡಗೌಡರೆದುರು ಸೋತವರು ಎ.ಎಸ್. ಪಾಟೀಲ ನಡಹಳ್ಳಿ. ಪಕ್ಷ, ಪ್ರಣಾಳಿಕೆಗಳನ್ನು ಬದಿಗಿಟ್ಟು ಬರೀ ಹೆಸರುಗಳನ್ನಷ್ಟೇ ನೋಡಿದರೆ ಯಾವುದೋ ಹಳೆಯ ಕಂದಾಯ ದಫ್ತರದ ಪುಟ ತೆರೆದಂತಾಗುತ್ತದೆ. ಪಾಟೀಲ ಎಂದರೆ ಊರಿನ ಮುಖ್ಯಸ್ಥ. ನಾಡಗೌಡ ಎಂದರೆ ಹಲವು ಊರುಗಳು ಸೇರಿದ ನಾಡಿನ ಮುಖ್ಯಸ್ಥ. ಮನಗೂಳಿ ಎಂಬುದು ಒಂದು ಊರು. ಅದೂ ಸಿಂದಗಿಯದಲ್ಲ, ಬಾಗೇವಾಡಿ ಸೀಮೆಯದು.

ಈ ಹುದ್ದೆಗಳು ಈಗ ಇಲ್ಲ. 1961ರ ಕರ್ನಾಟಕ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ 1963ರ ಫೆಬ್ರುವರಿ 1ರಂದು ಜಾರಿಗೆ ಬಂದಾಗಲೇ ವಂಶಪಾರಂಪರ್ಯದ ಗೌಡಕಿ ಕಾನೂನಿನ ಪ್ರಕಾರ ಮುಗಿದುಹೋಯಿತು. ಆ ವರ್ಷ ಹುಟ್ಟಿದ ಕೂಸಿಗೆ ಈಗ ಅರವತ್ತು ದಾಟಿದೆ. ಆದರೆ ಹುದ್ದೆಯ ಹೆಸರು ಮಾತ್ರ ಶಾಲೆಯ ಹಾಜರಿ ಪುಸ್ತಕದಲ್ಲಿ, ಲಗ್ನಪತ್ರಿಕೆಯಲ್ಲಿ, ಬೆಂಗಳೂರಿನ ಸಾಫ್ಟ್‌ವೇರ್ ಕಚೇರಿಯ ಬಾಗಿಲ ಫಲಕದಲ್ಲಿ ಗಟ್ಟಿಯಾಗಿ ಕುಳಿತಿದೆ. ಹುದ್ದೆಯೊಂದು ಮನೆತನದ ಹೆಸರಾದದ್ದು ಹೇಗೆ, ಅದು ಇಷ್ಟು ಜನರಿಗೆ ಹಬ್ಬಿದ್ದು ಹೇಗೆ ಎಂಬುದು ಕುತೂಹಲದ ಸಂಗತಿಯಷ್ಟೇ ಅಲ್ಲ. ಅದರಲ್ಲಿ ಹೊಲ, ಹಕ್ಕು, ಜಾತಿಗಳ ಲೆಕ್ಕವೂ ಉಂಟು.

ಮೊದಲಿಗೆ ಒಂದು ಮಾತು. ಬಿಜಾಪುರ, ಧಾರವಾಡ, ಬೆಳಗಾವಿಗಳ ಕಡೆ ಮನೆತನದ ಹೆಸರಿಗೆ 'ಅಡ್ಡಹೆಸರು' ಎನ್ನುತ್ತಾರೆ. ಮೈಸೂರು ಸೀಮೆಯಲ್ಲಿ ಅದೇ ಮಾತಿಗೆ ಗೆಳೆಯರು ಚೇಷ್ಟೆಗಾಗಿ ಇಟ್ಟ ಹೆಸರು ಎಂಬ ಅರ್ಥ. ಅಲ್ಲಿ ಊರಿನ ಮತ್ತು ತಂದೆಯ ಹೆಸರಿನ ಮೊದಲಕ್ಷರಗಳನ್ನು ಮುಂದಿಟ್ಟುಕೊಂಡರೆ ಕೆಲಸ ಮುಗಿಯಿತು. ಇಲ್ಲಿ ಮುಂಬಯಿ ಪ್ರಾಂತದ ಪದ್ಧತಿ: ತನ್ನ ಹೆಸರು, ತಂದೆಯ ಹೆಸರು, ಕೊನೆಗೆ ಅಡ್ಡಹೆಸರು. 1956ರಲ್ಲಿ ರಾಜ್ಯ ಒಂದಾದರೂ ಹೆಸರು ಬರೆಯುವ ಈ ಎರಡು ರೀತಿಗಳು ಒಂದಾಗಲಿಲ್ಲ. ಪಾಸ್‌ಪೋರ್ಟ್ ಅರ್ಜಿಯ 'ಸರ್‌ನೇಮ್' ಕಾಲಂ ಕಂಡಾಗ ಮಂಡ್ಯದವರು ತಲೆ ಕೆರೆದುಕೊಳ್ಳುವಷ್ಟು ಇಂಡಿಯವರು ಕೆರೆದುಕೊಳ್ಳುವುದಿಲ್ಲ.

ಹುದ್ದೆ ಹೆಸರಾಗುವುದು ನಮ್ಮಲ್ಲಷ್ಟೇ ನಡೆದದ್ದೂ ಅಲ್ಲ. ಇಂಗ್ಲೆಂಡಿನ ಸ್ಮಿತ್ ನಮ್ಮ ಕಂಬಾರ. ಅಲ್ಲಿನ ಹಳ್ಳಿಯ ಅಧಿಕಾರಿಗೆ 'ರೀವ್' ಎನ್ನುತ್ತಿದ್ದರು. ರೀವ್, ರೀವ್ಸ್ ಎಂಬ ಮನೆತನಗಳು ಇಂದಿಗೂ ಇವೆ. ಸ್ಕಾಟ್ಲೆಂಡಿನ ಅರಸರ ಮನೆವಾರ್ತೆ ನೋಡುವ 'ಸ್ಟುವರ್ಡ್' ಹುದ್ದೆ 12ನೆಯ ಶತಮಾನದಿಂದ ಒಂದೇ ವಂಶದಲ್ಲಿ ಇಳಿದುಬಂದು, 1371ರಲ್ಲಿ ಆ ವಂಶದ ರಾಬರ್ಟ್ ಪಟ್ಟವನ್ನೇ ಏರಿದ. ಸ್ಟುವರ್ಟ್ ರಾಜಮನೆತನದ ಹೆಸರಿನ ಮೂಲ ಅದು. 1538ರಲ್ಲಿ ಎಂಟನೆಯ ಹೆನ್ರಿಯ ಮಂತ್ರಿ ಥಾಮಸ್ ಕ್ರಾಮ್‌ವೆಲ್ ಪ್ರತಿ ಚರ್ಚೂ ಹುಟ್ಟು, ಮದುವೆ, ಸಾವುಗಳನ್ನು ಬರೆದಿಡಬೇಕೆಂದು ಆಜ್ಞೆ ಮಾಡಿದ ಮೇಲೆ ಅಲ್ಲಿನ ಮನೆತನದ ಹೆಸರುಗಳು ಇನ್ನಷ್ಟು ಗಟ್ಟಿಯಾದವು. ಬಾಯಿಮಾತಿನ ಹೆಸರು ದಿನಕ್ಕೊಂದಾಗಬಹುದು, ವಹಿಯಲ್ಲಿ ಬರೆದ ಹೆಸರು ಹಾಗಲ್ಲ. ಬಿಜಾಪುರ ಸೀಮೆಯಲ್ಲಿ ಈ ಬರವಣಿಗೆಯ ಕೆಲಸ ಮಾಡಿದ್ದು ಗುಡಿಯೂ ಅಲ್ಲ, ಮಸೀದಿಯೂ ಅಲ್ಲ; ಕಂದಾಯ ಖಾತೆ.

ಈ ಭಾಗದ ಕಲ್ಯಾಣ ಚಾಲುಕ್ಯರ ಕಾಲದ ಶಾಸನಗಳಲ್ಲಿ ಊರಿನ ಮುಖ್ಯಸ್ಥನಿಗೆ 'ಗಾವುಂಡ' ಎಂದೇ ಹೆಸರು. ಅದೇ ಸವೆದು ಗೌಡ ಆಯಿತು. 'ಪಾಟೀಲ' ಬಂದದ್ದು ಬೇರೆ ದಾರಿಯಿಂದ. ಮಾಳವದ ಪರಮಾರ ಅರಸರ 10-11ನೆಯ ಶತಮಾನದ ತಾಮ್ರಪಟಗಳಲ್ಲಿ, ದಾನದ ಸಂಗತಿಯನ್ನು ತಿಳಿದುಕೊಳ್ಳಬೇಕಾದ ಊರವರ ಸಾಲಿನಲ್ಲಿ 'ಪಟ್ಟಕಿಲ' ಎಂಬ ಊರ ಅಧಿಕಾರಿ ಕಾಣಸಿಗುತ್ತಾನೆ. ಮರಾಠಿಯ ಪಾಟೀಲ, ಗುಜರಾತಿಯ ಪಟೇಲ ಎರಡೂ ಈ ಪಟ್ಟಕಿಲನ ಮಕ್ಕಳು ಎಂಬುದು ವಿದ್ವಾಂಸರ ಮಾತು. ಸರದಾರ ವಲ್ಲಭಭಾಯಿ ಪಟೇಲ, 2007ರಿಂದ 2012ರವರೆಗೆ ರಾಷ್ಟ್ರಪತಿಯಾಗಿದ್ದ ಖಾನದೇಶದ ಪ್ರತಿಭಾ ಪಾಟೀಲ, ಕರ್ನಾಟಕದ ಮುಖ್ಯಮಂತ್ರಿಗಳಾಗಿದ್ದ ಚಿಂಚೋಳಿಯ ವೀರೇಂದ್ರ ಪಾಟೀಲ, ದಾವಣಗೆರೆ ಸೀಮೆಯ ಜೆ.ಎಚ್. ಪಟೇಲ - ಇವರೆಲ್ಲರ ಹೆಸರಿನ ಕೊನೆಯಲ್ಲಿರುವುದು ಒಂದೇ ಹಳ್ಳಿಯ ಹುದ್ದೆ. ಗುಜರಾತಿನ ವ್ಯಾಪಾರಿಗಳ ಜೊತೆ ಅದು ಪೂರ್ವ ಆಫ್ರಿಕಕ್ಕೂ ಲಂಡನ್ನಿಗೂ ಹೋಯಿತು.

ಕನ್ನಡದ ಬಿಜಾಪುರದಲ್ಲಿ ಗೌಡನಿಗೆ ಪಾಟೀಲ ಎಂಬ ಹೆಸರು ಅಂಟಿಕೊಂಡದ್ದಕ್ಕೆ ಆಡಳಿತದ ಭಾಷೆ ಕಾರಣ. ಬಿಜಾಪುರದ ಒಂದನೆಯ ಇಬ್ರಾಹಿಂ ಆದಿಲಶಹ (1534-58) ಕಂದಾಯದ ಲೆಕ್ಕಗಳನ್ನು ಪಾರ್ಸಿಯಿಂದ ದೇಶಭಾಷೆಗೆ ತಿರುಗಿಸಿ ಅದನ್ನು ಬ್ರಾಹ್ಮಣ ಲೆಕ್ಕಿಗರ ಕೈಗೆ ಕೊಟ್ಟನೆಂದು ಇತಿಹಾಸಕಾರ ಫಿರಿಸ್ತಾ ಬರೆದಿದ್ದಾನೆ. 1686ರಲ್ಲಿ ಔರಂಗಜೇಬ ಬಿಜಾಪುರವನ್ನು ಗೆದ್ದ. 1760ರಲ್ಲಿ ಅದು ಪೇಶ್ವೆಗಳಿಗೆ ಸಿಕ್ಕಿತು. 1818ರಲ್ಲಿ ಪೇಶ್ವೆಗಳ ರಾಜ್ಯ ಹೋಯಿತು, ಬಿಜಾಪುರ ಸಾತಾರೆಯ ಛತ್ರಪತಿಯ ಪಾಲಿಗೆ ಬಂದು 1848ರಲ್ಲಿ ಕಂಪನಿ ಸರಕಾರಕ್ಕೆ ಸೇರಿತು. ಮೇಲಿನ ಧಣಿ ಎಷ್ಟು ಬಾರಿ ಬದಲಾದರೂ ಕೆಳಗಿನ ಲೆಕ್ಕದ ಭಾಷೆ, ಹುದ್ದೆಗಳ ಹೆಸರು ಬಹುಪಾಲು ಹಾಗೆಯೇ ನಡೆದುಬಂದವು. ದಫ್ತರಿನ ಮರಾಠಿ ಬರಹದಲ್ಲಿ ಅವನು ಪಾಟೀಲ, ಊರಿನ ಬಾಯಲ್ಲಿ 'ಗೌಡ್ರು'.

ಇದರ ಗುರುತು ಇವತ್ತಿನ ಹೆಸರುಗಳಲ್ಲೇ ಇದೆ. ಯಶವಂತರಾಯಗೌಡ ಪಾಟೀಲ, ಬಸನಗೌಡ ಪಾಟೀಲ ಎಂಬಂಥ ಹೆಸರುಗಳನ್ನು ಬಿಡಿಸಿ ನೋಡಿದರೆ ಒಂದೇ ಹುದ್ದೆ ಎರಡು ಸಲ ಬಂದಿರುವುದು ಕಾಣುತ್ತದೆ. 'ಗೌಡ' ಶಾಸನದ ಕನ್ನಡದ್ದು, 'ಪಾಟೀಲ' ದಫ್ತರಿನದು. ಊರು ಕರೆದದ್ದು ಮೊದಲಿಗೆ, ಸರಕಾರ ಬರೆದದ್ದು ಕೊನೆಗೆ. ಮೈಸೂರು ಕಡೆ ಗೌಡ ಹೆಸರಿನ ಬಾಲವಾಗಿ ನಿಂತು ಕ್ರಮೇಣ ಒಕ್ಕಲಿಗರ ಗುರುತೇ ಆಗಿಬಿಟ್ಟಿತು. ಬಿಜಾಪುರದ ಪಾಟೀಲನಿಗೆ ಆ ಗತಿ ಬರಲಿಲ್ಲ. ಲಿಂಗಾಯತರು, ರೆಡ್ಡಿಗಳು, ಕುರುಬರು, ಜೈನರು, ಮರಾಠರು, ಮುಸಲ್ಮಾನರು - ಎಲ್ಲರಲ್ಲೂ ಪಾಟೀಲರಿದ್ದಾರೆ. ಯಾವ ಊರಿನ ಗೌಡಕಿ ಯಾರ ಮನೆಯಲ್ಲಿತ್ತೋ ಅವರು ಪಾಟೀಲರು, ಅಷ್ಟೆ. ಪಾಟೀಲ ಎಂದ ಕೂಡಲೇ ಜಾತಿ ಊಹಿಸಲು ಹೋಗುವವರು ಎಡವುವುದು ಇಲ್ಲಿಯೇ.

ಆದರೆ ಊರಿಗೆ ಒಬ್ಬ, ಹೆಚ್ಚೆಂದರೆ ಇಬ್ಬರು ಗೌಡರು. ಒಬ್ಬನ ಹುದ್ದೆ ಇಡೀ ಓಣಿಯ ಅಡ್ಡಹೆಸರಾದದ್ದು ಹೇಗೆ? ಉತ್ತರ 'ವತನ' ಎಂಬ ಮಾತಿನಲ್ಲಿದೆ. ವತನ ಎಂದರೆ ವಂಶಪಾರಂಪರ್ಯವಾಗಿ ಬಂದ ಹುದ್ದೆ ಮತ್ತು ಆ ಹುದ್ದೆಗೆಂದು ಬಿಟ್ಟ ಹೊಲ, ಆಯ, ಮಾನ-ಮರ್ಯಾದೆ. ಕೆಲಸ ಮಾಡುವವನು ಒಬ್ಬನಾದರೂ ಹೊಲದಲ್ಲಿ ಪಾಲು ಅಣ್ಣತಮ್ಮಂದಿರಿಗೆಲ್ಲ ಉಂಟು. ಇದನ್ನು ಅಚ್ಚುಕಟ್ಟಾದ ಕಾನೂನಾಗಿ ಮಾಡಿದ್ದು 1874ರ ಮುಂಬಯಿ ವಂಶಪಾರಂಪರ್ಯ ಹುದ್ದೆಗಳ ಕಾಯ್ದೆ. ಜನ ಅದನ್ನು ವತನ ಕಾಯ್ದೆ ಎಂದೇ ಕರೆದರು. ಯಾವ ವತನದಲ್ಲಿ ಯಾರು ಪ್ರತಿನಿಧಿ ವತನದಾರ, ಯಾರ ಸರದಿ, ಯಾರು ಪಾಲುದಾರರು ಎಂಬುದೆಲ್ಲ ಕಲೆಕ್ಟರರ ವಹಿಯಲ್ಲಿ ದಾಖಲಾಗುವಂತಾಯಿತು. ಆಗ ಹೆಸರು ಬರೀ ಗೌರವದ ಮಾತಾಗಿ ಉಳಿಯಲಿಲ್ಲ, ಪಾಲಿನ ಆಧಾರವಾಯಿತು. ಊರು ಬಿಟ್ಟು ದೂರ ಹೋದ ತಮ್ಮನೂ ತಾನು ಪಾಟೀಲ ಎಂದೇ ಬರೆಯಿಸಿಕೊಂಡ, ಅವನ ಮಕ್ಕಳೂ ಹಾಗೆಯೇ ಬರೆಯಿಸಿಕೊಂಡರು. ನಾಲ್ಕು ತಲೆಮಾರು ಕಳೆಯುವಷ್ಟರಲ್ಲಿ ಒಂದು ಗೌಡಕಿಗೆ ಇಪ್ಪತ್ತು ಮನೆ ಪಾಟೀಲರಾದರೆ ಆಶ್ಚರ್ಯವಿಲ್ಲ.

ಮುಂಬಯಿ ಸರಕಾರ ಪಾಟೀಲಕಿಯಲ್ಲಿ ಎರಡು ಭಾಗ ಮಾಡಿತು. ಕಂದಾಯ ವಸೂಲಿಗೆ ಮುಲ್ಕಿ ಪಾಟೀಲ, ಅಪರಾಧದ ವಿಚಾರಕ್ಕೆ ಪೊಲೀಸ್ ಪಾಟೀಲ. ಸಣ್ಣ ಊರುಗಳಲ್ಲಿ ಎರಡನ್ನೂ ಒಬ್ಬನೇ ನೋಡಿಕೊಂಡದ್ದುಂಟು. ಇಂಡಿ, ಸಿಂದಗಿಗಳಿಗೆ ಅಂಟಿಕೊಂಡೇ ಇರುವ ಅಫಜಲಪುರ, ಜೇವರ್ಗಿಗಳು ಆಗ ನಿಜಾಮನ ರಾಜ್ಯ. ಅಲ್ಲಿ ಕಂದಾಯಕ್ಕೆ 'ಮಾಲ್' ಎನ್ನುತ್ತಿದ್ದುದರಿಂದ ಕಂದಾಯದ ಪಾಟೀಲ 'ಮಾಲಿಪಾಟೀಲ'ನಾದ. ಇಂದು ಮಾಲಿಪಾಟೀಲ, ಪೊಲೀಸ್ ಪಾಟೀಲ ಎರಡೂ ಅಡ್ಡಹೆಸರುಗಳೇ. ಮಾಲಿಪಾಟೀಲ ಎಂಬ ಹೆಸರು ಕಿವಿಗೆ ಬಿದ್ದರೆ ಅದರ ಹಿಂದೆ ನಿಜಾಮನ ಸರಹದ್ದು ಇರುವ ಸಂಭವವೇ ಹೆಚ್ಚು. ಗಡಿಯ ಕಲ್ಲು ಕಿತ್ತುಹೋದರೂ ಗಡಿ ಹೆಸರಿನಲ್ಲಿ ಉಳಿದಿದೆ.

ಇಷ್ಟು ಜನ ಪಾಟೀಲರಾದ ಮೇಲೆ ಮತ್ತೊಂದು ತೊಡಕು ಬಂತು. ಅಡ್ಡಹೆಸರು ಇರುವುದೇ ಒಬ್ಬರಿಂದ ಒಬ್ಬರನ್ನು ಬೇರ್ಪಡಿಸಲು. ಎಲ್ಲರೂ ಪಾಟೀಲರಾದರೆ ಯಾವ ಪಾಟೀಲ ಎಂದು ಕೇಳಬೇಕಾಗುತ್ತದೆ. ಒಂದು ಕಾಲಕ್ಕೆ ಜಿಲ್ಲೆಯ ರಾಜಕೀಯದಲ್ಲಿ ಇಬ್ಬರು ಬಿ.ಎಸ್. ಪಾಟೀಲರಿದ್ದರು, ಒಬ್ಬರು ಮನಗೂಳಿಯವರು, ಇನ್ನೊಬ್ಬರು ಸಾಸನೂರಿನವರು. ಹೆಸರಿನ ಮುಂದೆ ಊರು ಸೇರಿಸದೆ ಇವರ ಸುದ್ದಿ ಬರೆಯುವುದು ಪತ್ರಿಕೆಗಳಿಗೂ ಸಾಧ್ಯವಿರಲಿಲ್ಲ. ಪಾಟೀಲ ಯತ್ನಾಳ, ಪಾಟೀಲ ನಡಹಳ್ಳಿ ಎಂಬ ಜೋಡಿಗಳೂ ಹೀಗೆಯೇ ಬಂದವು. ಈಗ ಪಾಟೀಲ ಬಿಟ್ಟುಹೋಗಿ ಜನ 'ಯತ್ನಾಳರು', 'ನಡಹಳ್ಳಿಯವರು' ಎಂದಷ್ಟೇ ಹೇಳುತ್ತಾರೆ. ಹಳೆಯ ಅಡ್ಡಹೆಸರಿನ ಮೇಲೆ ಹೊಸ ಅಡ್ಡಹೆಸರು ಹುಟ್ಟುತ್ತಿರುವುದನ್ನು ಕಣ್ಣಾರೆ ಕಾಣಬಹುದಾದ ಅಪರೂಪದ ಪ್ರಸಂಗ ಇದು.

ಊರಿನ ಹೆಸರು ಅಡ್ಡಹೆಸರಾಗುವುದಕ್ಕೆ ಒಂದು ಷರತ್ತು ಇದೆ: ಆ ಊರು ಬಿಡಬೇಕು. ಮನಗೂಳಿಯಲ್ಲೇ ಇರುವವನನ್ನು ಮನಗೂಳಿ ಎಂದು ಕರೆದರೆ ಗುರುತು ಹತ್ತುವುದಿಲ್ಲ. ಬೇರೆ ಊರಿಗೆ ಬಂದು ನಿಂತಾಗಲೇ 'ಮನಗೂಳಿಯವರ ಮನೆ' ಎಂಬ ಮಾತು ಹುಟ್ಟುವುದು. ಮರಾಠಿಯಲ್ಲಿ ಊರಿಗೆ 'ಕರ' ಹಚ್ಚುತ್ತಾರೆ. ಕನ್ನಡದಲ್ಲಿ ಊರೇ ಸಾಕು. ಸಂಶೋಧಕ ಎಂ.ಎಂ. ಕಲಬುರ್ಗಿ 1938ರಲ್ಲಿ ಹುಟ್ಟಿದ್ದು ಸಿಂದಗಿ ತಾಲೂಕಿನ ಗುಬ್ಬೇವಾಡದಲ್ಲಿ. ಊರುಗಳ, ಮನುಷ್ಯರ ಹೆಸರುಗಳ ಮೂಲವನ್ನು ಶಾಸನಗಳಲ್ಲಿ ಹುಡುಕಿದ ಈ ವಿದ್ವಾಂಸರ ಅಡ್ಡಹೆಸರೇ ಬೇರೊಂದು ಜಿಲ್ಲೆಯ ಪಟ್ಟಣದ್ದು. ಇಂಡಿ ಸೀಮೆಯ ಹಲಸಂಗಿಯಲ್ಲಿ ಬಾಳಿದ ಕವಿ ಮಧುರಚೆನ್ನರು ಕಾಗದದ ಮೇಲೆ ಚೆನ್ನಮಲ್ಲಪ್ಪ ಗಲಗಲಿ. ಗಲಗಲಿ ಇರುವುದು ಕೃಷ್ಣೆಯ ದಂಡೆಯಲ್ಲಿ. ಅದೇ ಗೆಳೆಯರ ಬಳಗದ ಸಿಂಪಿ ಲಿಂಗಣ್ಣನವರದು ಕಸುಬಿನ ಹೆಸರು. ಸಿಂಪಿ ಅಂದರೆ ಬಟ್ಟೆ ಹೊಲಿಯುವವ. ಒಂದು ಎಚ್ಚರಿಕೆಯೂ ಬೇಕು. ಬಾಗೇವಾಡಿ ಎಂಬ ಅಡ್ಡಹೆಸರಿನವರೆಲ್ಲ ಬಸವಣ್ಣನ ಊರಿನವರೆಂದು ತಿಳಿಯುವಂತಿಲ್ಲ. ಬೆಳಗಾವಿ ಬಳಿ ಹಿರೇಬಾಗೇವಾಡಿಯೂ ಇದೆ.

ಇಲ್ಲಿಯವರೆಗಿನದು ಚಾವಡಿಯ ಕಟ್ಟೆಯ ಮೇಲೆ ಕುಳಿತವರ ಕಥೆ. ಕಟ್ಟೆಯ ಕೆಳಗೆ ನಿಂತವರದೂ ಒಂದಿದೆ.

ಗೌಡನ ಬಳಿ ಲೆಕ್ಕ ಬರೆಯುವವ ಕುಲಕರ್ಣಿ. ಕಾವಲು ಕಾಯುವವ, ಕಳ್ಳನ ಹೆಜ್ಜೆ ಹಿಡಿಯುವವ ತಳವಾರ. ಓಲೆ ಒಯ್ಯುವವ ಓಲೆಕಾರ; ಆಡುಮಾತಿನಲ್ಲಿ ಅವನೇ ವಾಲೀಕಾರ. ರೈತನನ್ನು ಚಾವಡಿಗೆ ಕರೆತರುವುದು, ವಸೂಲಿಯ ಹಣದ ಜೊತೆ ತಾಲೂಕಿಗೆ ನಡೆದು ಹೋಗುವುದು ಇವರ ಪಾಲಿನ ಕೆಲಸ. ಇಂಡಿಯಿಂದ ಮುದ್ದೇಬಿಹಾಳದವರೆಗೆ ಯಾವ ಶಾಲೆಯ ಹಾಜರಿ ತೆಗೆದರೂ ತಳವಾರ, ವಾಲೀಕಾರ, ಬಡಿಗೇರ, ಕುಂಬಾರ, ಹೂಗಾರ, ಹಡಪದ, ಮುಜಾವರ, ಜಮಾದಾರ ಎಂಬ ಹೆಸರುಗಳು ಪಾಟೀಲ, ಬಿರಾದಾರರ ಜೊತೆಗೇ ಬರುತ್ತವೆ. ಹಳೆಯ ಊರೊಂದು ಬೆಂಚಿನ ಮೇಲೆ ಸಾಲಾಗಿ ಕುಳಿತಂತೆ.

ಈ ಸೀಮೆಗೆ ಕಸುಬಿನ ಹೆಸರು ಹೊಸದಲ್ಲ. 12ನೆಯ ಶತಮಾನದ ಮಡಿವಾಳ ಮಾಚಿದೇವರು ದೇವರ ಹಿಪ್ಪರಗಿಯವರು. ಹಡಪದ ಅಪ್ಪಣ್ಣನವರ ಊರು ಮಸಬಿನಾಳ. ನುಲಿಯ ಚಂದಯ್ಯನವರ ಊರು ಶಿವಣಗಿ. ಮೂವರ ಹೆಸರಿನಲ್ಲೂ ಕಸುಬು ಮುಂದೆ, ಮನುಷ್ಯ ಹಿಂದೆ. ಆದರೆ ಅಲ್ಲಿ ಅದು ತಾನು ಮಾಡುವ ಕಾಯಕದ ಹೆಸರು, ಹೇಳಿಕೊಳ್ಳಲು ಹೆಮ್ಮೆಯಿದ್ದ ಹೆಸರು. ವತನದ ವಹಿ ಮಾಡಿದ್ದು ಬೇರೆ. ಅಜ್ಜನ ಚಾಕರಿಯನ್ನು ಮೊಮ್ಮಗನ ಹೆಸರಿಗೆ ಬರೆದು, ಅವನು ಬಿಟ್ಟರೂ ಬಿಡದಂತೆ ಮಾಡಿತು. ಇದರ ಬಿಸಿಯನ್ನು ಸರಿಯಾಗಿ ಗುರುತಿಸಿದವರು ಡಾ. ಅಂಬೇಡ್ಕರ್. ಮಹಾರ ವತನವೆಂಬ ಚೂರು ಹೊಲದ ಆಸೆಗೆ ತಮ್ಮ ಜನ ಹಗಲುರಾತ್ರಿ ಊರ ಚಾಕರಿಗೆ ಕಟ್ಟುಬಿದ್ದಿದ್ದಾರೆಂದು ವಾದಿಸಿ, 1874ರ ಇದೇ ಕಾಯ್ದೆಗೆ ತಿದ್ದುಪಡಿ ತರಲು 1928ರಲ್ಲಿ ಅವರು ಮುಂಬಯಿ ವಿಧಾನ ಪರಿಷತ್ತಿನಲ್ಲಿ ಮಸೂದೆ ಮಂಡಿಸಿದರು. ಪಾಟೀಲನಿಗೆ ವತನ ಎಂದರೆ ಅಧಿಕಾರ, ಕೆಳಗಿನವನಿಗೆ ಅದೇ ಹಗ್ಗ.

ತಳವಾರ ಎಂಬ ಮಾತಿನ ಏಳುಬೀಳು ಇನ್ನೂ ವಿಚಿತ್ರವಾದದ್ದು. ಆಂಧ್ರದ ನಾಗಾರ್ಜುನಕೊಂಡದಲ್ಲಿ ಇಕ್ಷ್ವಾಕು ಅರಸರ 3ನೆಯ ಶತಮಾನದ ಪ್ರಾಕೃತ ಶಾಸನಗಳಿವೆ. ಅವುಗಳಲ್ಲಿ 'ಮಹಾತಳವರ' ಎಂಬ ಬಿರುದು ಬರುತ್ತದೆ. ಅದನ್ನು ಹೊತ್ತವರು ಸಾಮಾನ್ಯರಲ್ಲ. ಅರಸ ಚಾಂತಮೂಲನ ಸೋದರಿ ಚಾಂತಿಸಿರಿಯ ಗಂಡನೇ ಒಬ್ಬ ಮಹಾತಳವರ. ರಾಜನ ಭಾವಮೈದುನನ ಬಿರುದು ಸಾವಿರದ ಆರುನೂರು ವರ್ಷ ಇಳಿದಿಳಿದು, ಕಂಬಳಿ ಹೊದ್ದು ಅಗಸೆಯ ಬಳಿ ಕೋಲು ಹಿಡಿದು ನಿಂತವನ ಹೆಸರಾಯಿತು. ತೆಲುಗಿನ ತಲಾರಿ, ತಮಿಳಿನ ತಲೈಯಾರಿ ಕೂಡ ಊರ ಕಾವಲಿನವರೇ. ಪರಮಾರರ ತಾಮ್ರಪಟದಲ್ಲಿ ಕಡೆಯ ಸಾಲಿನಲ್ಲಿದ್ದ ಪಟ್ಟಕಿಲ ಮಾತ್ರ ಮೇಲೇರಿದ.

ವತನಗಳು ಒಂದೇ ದಿನ ಹೋಗಲಿಲ್ಲ. ಸ್ವಾತಂತ್ರ್ಯದ ನಂತರ ಮುಂಬಯಿ ಸರಕಾರ ಮೊದಲು ಮುಟ್ಟಿದ್ದು ಪರಗಣೆ ಮತ್ತು ಕುಲಕರ್ಣಿ ವತನಗಳನ್ನು. 1950ರ ಕಾಯ್ದೆಯ ಪ್ರಕಾರ 1951ರ ಮೇ 1ರಿಂದ ಅವು ರದ್ದಾದವು. ದೇಸಾಯಿ, ದೇಶಪಾಂಡೆ, ನಾಡಗೌಡ, ಕುಲಕರ್ಣಿ ಎಂಬ ಹುದ್ದೆಗಳು ಅಂದಿನಿಂದ ಬರೀ ಹೆಸರುಗಳು. ಊರಿನ ಲೆಕ್ಕಕ್ಕೆ ಸಂಬಳದ ತಲಾಠಿ ಬಂದ. ಪಾಟೀಲ, ತಳವಾರ, ವಾಲೀಕಾರರ ಸರದಿ ಬಂದದ್ದು ರಾಜ್ಯ ಒಂದಾದ ಮೇಲೆ, 1963ರಲ್ಲಿ. ವತನದ ಹೊಲಗಳನ್ನು ಸರಕಾರ ತನ್ನ ವಶಕ್ಕೆ ತೆಗೆದುಕೊಂಡು, ಹುದ್ದೆಯಲ್ಲಿದ್ದವರಿಗೆ ನಿಗದಿಯ ಹಣ ಕಟ್ಟಿಸಿಕೊಂಡು ಮರುಮಂಜೂರು ಮಾಡಿತು. ಕೆಳಗಿನವರ ಹೊಲ ಬಲ್ಲಿದರ ಪಾಲಾಗುವುದು ಹೆಚ್ಚಿದಾಗ, ಮರುಮಂಜೂರಾದ ಹೊಲವನ್ನು ಹದಿನೈದು ವರ್ಷ ಮಾರಕೂಡದೆಂದು 1978ರಲ್ಲಿ ತಿದ್ದುಪಡಿ ಬಂತು. ತಳವಾರಕಿ ಹೊಲ, ವಾಲೀಕಾರಕಿ ಹೊಲ ಎಂಬ ವ್ಯಾಜ್ಯಗಳಲ್ಲಿ ವಾದಿಸುವವರು ಈಗಲೂ ಮೊದಲು ಹುಡುಕುವುದು ಹಳೆಯ ವತನ ವಹಿಯ ನಕಲನ್ನೇ.

ಹೊಲದ ನಂತರ ಅಡ್ಡಹೆಸರಿನ ಮೇಲೆ ಬಂದ ಭಾರ ಮೀಸಲಾತಿಯದು. ತಳವಾರಕಿ ಎಲ್ಲ ಊರಲ್ಲೂ ಒಂದೇ ಜನದ ಕೈಯಲ್ಲಿ ಇರಲಿಲ್ಲ. ಕೆಲವು ಊರುಗಳಲ್ಲಿ ಬೇಡರು, ಅಂದರೆ ನಾಯಕರು, ಊರು ಕಾದರು. ಭೀಮೆಯ ಆಚೆ ಈಚೆಯ ಎಷ್ಟೋ ಊರುಗಳಲ್ಲಿ ಕಬ್ಬಲಿಗರು, ಅಂಬಿಗರು ಕಾದರು. ಹುದ್ದೆ ಒಂದೇ ಆದ್ದರಿಂದ ಅಡ್ಡಹೆಸರೂ ಒಂದೇ. ಆಯಾ ಜನ ತಮ್ಮನ್ನು ತಳವಾರರೆಂದೇ ಹೇಳಿಕೊಳ್ಳತೊಡಗಿ, ಎಷ್ಟೋ ಕಡೆ ಅದು ಸಮುದಾಯದ ಹೆಸರೂ ಆಯಿತು. 2020ರಲ್ಲಿ ಸಂಸತ್ತು ಕರ್ನಾಟಕದ ಪರಿಶಿಷ್ಟ ಪಂಗಡಗಳ ಪಟ್ಟಿಗೆ ತಿದ್ದುಪಡಿ ತಂದು, ನಾಯಕ ಮೊದಲಾದ ಹೆಸರುಗಳಿರುವ ಸಾಲಿಗೆ 'ಪರಿವಾರ', 'ತಳವಾರ' ಎಂಬ ಎರಡು ಮಾತುಗಳನ್ನು ಸೇರಿಸಿತು. ಪ್ರಶ್ನೆ ಎದ್ದದ್ದು ಆಗಲೇ. ಪಟ್ಟಿಯಲ್ಲಿರುವ ತಳವಾರ ಯಾರು? ನಾಯಕರಲ್ಲಿ ತಳವಾರ ಎನಿಸಿಕೊಂಡವರು ಮಾತ್ರವೋ, ತಳವಾರ ಎಂದು ಬರೆಯಿಸಿಕೊಂಡು ಬಂದವರೆಲ್ಲರೋ? ವಿಜಯಪುರ, ಕಲಬುರಗಿ ಜಿಲ್ಲೆಗಳಲ್ಲಿ ಪ್ರಮಾಣಪತ್ರಕ್ಕಾಗಿ ಧರಣಿಗಳು ನಡೆದವು, ಅದನ್ನು ಕೊಡಬಾರದೆಂಬ ಎದುರು ತಕರಾರುಗಳೂ ಬಂದವು.

ಇಂಥ ಅರ್ಜಿಯ ಜೊತೆ ತಂದೆಯ, ಅಜ್ಜನ ಶಾಲೆಯ ದಾಖಲೆ ಲಗತ್ತಿಸಬೇಕಾಗುತ್ತದೆ. ಹಳೆಯ ದಾಖಲಾತಿ ವಹಿಯಲ್ಲಿ ಹೆಸರಿಗೊಂದು ಕಾಲಂ, ಜಾತಿಗೊಂದು ಕಾಲಂ. ಊರಿನವರು 'ತಳವಾರರ ಹುಡುಗ' ಎಂದು ಹೇಳಿದ್ದನ್ನು ಅಂದಿನ ಮಾಸ್ತರರು ಯಾವ ಕಾಲಮ್ಮಿನಲ್ಲಿ ಬರೆದರು ಎಂಬುದರ ಮೇಲೆ ಮೊಮ್ಮಗನ ಅರ್ಜಿ ನಿಂತಿರುತ್ತದೆ. ಒಂದೇ ಊರಿನಲ್ಲಿ ಅಣ್ಣನ ಮನೆಯವರ ವಹಿಯಲ್ಲಿ ಜಾತಿ ಕಬ್ಬಲಿಗ, ಅಡ್ಡಹೆಸರು ತಳವಾರ ಎಂದಿರಬಹುದು. ತಮ್ಮನ ಮನೆಯವರ ವಹಿಯಲ್ಲಿ ಜಾತಿಯೇ ತಳವಾರ ಎಂದಿರಬಹುದು. ತಹಶೀಲ್ದಾರರ ಮೇಜಿನ ಮೇಲೆ ಈಗ ಅವೆರಡೂ ಒಟ್ಟಿಗೆ ಬಂದು ಬೀಳುತ್ತವೆ.